ಬಾಲ್ಡರ್ಸ್ ಗೇಟ್ 3: ಲೆವೆಲ್ 4ರ ಪಾರ್ಟಿಯಲ್ಲಿ ಯಾರ ಕೆಲಸ ಯಾವುದು? ಒಂದು ಪ್ರಕರಣ ಅಧ್ಯಯನ

ಸನ್ನಿವೇಶ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಮೇಲೆ ನಿಂತ ವಿಡಿಯೋ ಗೇಮ್ ಬಾಲ್ಡರ್ಸ್ ಗೇಟ್ 3ರ ಮೊದಲ ಅಂಕದಲ್ಲಿ ಗಾಬ್ಲಿನ್ ಪಾಳೆಯಕ್ಕೆ ಮೂವರು ಮುಖ್ಯಸ್ಥರು. ಅವರಲ್ಲಿ ಪೂಜಾರಿಣಿ ಗಟ್ ಮಾತಿಗೆ ಸಿಕ್ಕರೆ ತಾನೇ ತನ್ನ ಕೋಣೆಗೆ ಕರೆದೊಯ್ಯುತ್ತಾಳೆ. ಗುಂಪಿನಿಂದ ಬೇರ್ಪಟ್ಟ ಮೇಲೆ ಅವಳ ಕಥೆ ಬೇಗ ಮುಗಿಯುತ್ತದೆ. ಹಾಬ್‌ಗಾಬ್ಲಿನ್ ಡ್ರೋರ್ ರಾಗ್ಜ್ಲಿನ್ ಹಾಗಲ್ಲ. ಸತ್ತ ಮೈಂಡ್ ಫ್ಲೇಯರ್‌ನ ಹೆಣ ಮುಂದಿಟ್ಟುಕೊಂಡು ವಿಚಾರಣೆ ನಡೆಸುತ್ತ, ಸಭಾಂಗಣದಲ್ಲಿ ತನ್ನವರ ನಡುವೆಯೇ ಇರುತ್ತಾನೆ. ಅವನ ಮೇಲೆ ಕೈ ಮಾಡಿದರೆ ಇಡೀ ಸಭೆಯೇ ಮೈಮೇಲೆ ಬೀಳುತ್ತದೆ.

ಈ ಸಭಾಂಗಣದಲ್ಲಿ ಸೋತು ನಿಂತ ಒಂದು ಪಾರ್ಟಿಯನ್ನು ಇಲ್ಲಿ ಬಿಡಿಸಿ ನೋಡೋಣ. ಡಿಫಿಕಲ್ಟಿ ಬ್ಯಾಲೆನ್ಸ್ಡ್, ನಾಲ್ವರೂ ಲೆವೆಲ್ 4. ಆಟಗಾರರ ಸ್ವಂತ ಪಾತ್ರ ಪಲಾಡಿನ್: ಸ್ಟ್ರೆಂಗ್ತ್ 18, ಡೆಕ್ಸ್ಟೆರಿಟಿ 10, ಕಾನ್‌ಸ್ಟಿಟ್ಯೂಶನ್ 14, ಕರಿಸ್ಮಾ 16, ಎಚ್‌ಪಿ (ತಾಳಬಲ್ಲ ಪೆಟ್ಟಿನ ಮೊತ್ತ) 36, ಕೈಯಲ್ಲಿ ಗ್ರೇಟ್‌ಸ್ವೋರ್ಡ್. ಜೊತೆಗೆ ಬ್ಯಾಟಲ್ ಮಾಸ್ಟರ್ ಫೈಟರ್ ಲೇಜೆಲ್ (ಸ್ಟ್ರೆಂಗ್ತ್ 17, ಎಚ್‌ಪಿ 36, ಅವಳದೂ ಗ್ರೇಟ್‌ಸ್ವೋರ್ಡ್, ಲೆವೆಲ್ 4ರಲ್ಲಿ ಆರಿಸಿಕೊಂಡ ಫೀಟ್, ಅಂದರೆ ವಿಶೇಷ ಪರಿಣತಿ, ಗ್ರೇಟ್ ವೆಪನ್ ಮಾಸ್ಟರ್), ಟ್ರಿಕರಿ ಡೊಮೇನ್‌ನ ಕ್ಲೆರಿಕ್ ಶ್ಯಾಡೋಹಾರ್ಟ್ (ವಿಸ್ಡಮ್ 19, ಎಚ್‌ಪಿ 31), ವಿಝರ್ಡ್ ಗೇಲ್ (ಇಂಟೆಲಿಜೆನ್ಸ್ 19, ಎಚ್‌ಪಿ 26). ರೋಗ್ ಆಸ್ಟೇರಿಯನ್ ಕ್ಯಾಂಪಿನಲ್ಲೇ ಕೂತಿದ್ದಾನೆ. ಬೀಗ ತೆಗೆಯಬೇಕಾದಾಗ ಮಾತ್ರ ಅವನಿಗೆ ಕರೆ.

ಆಟಗಾರರ ದೂರು ಈ ಆಟ ಆಡುವ ಅರ್ಧ ಜನರ ಬಾಯಲ್ಲಿ ಕೇಳಿಬರುವಂಥದ್ದೇ: "ಶ್ಯಾಡೋಹಾರ್ಟ್ ಯಾವಾಗ ನೋಡಿದರೂ ಮಿಸ್ ಮಾಡ್ತಾಳೆ, ಗೇಲ್ ಮೊದಲ ಸುತ್ತಿನಲ್ಲೇ ಮಲಗ್ತಾನೆ, ಲೇಜೆಲ್ ಒಬ್ಬಳೇ ಕೆಲಸ ಮಾಡ್ತಾಳೆ. ಕ್ಲೆರಿಕ್‌ನ ತೆಗೆದು ಕಾರ್ಲಾಕ್‌ನ ಹಾಕ್ಲಾ?"

ಬೇಡ. ಕಾರ್ಲಾಕ್ ಕೂಡ ಹೊಡೆದಾಟದವಳೇ, ಬಾರ್ಬೇರಿಯನ್. ಮೂರು ದೂರುಗಳಲ್ಲಿ ಎರಡು ನಿಜ, ಒಂದು ಸುಳ್ಳು. ನಿಜವಾದ ಎರಡಕ್ಕೂ ಆಟಗಾರರು ಕೊಡುವ ಕಾರಣ ತಪ್ಪು.

ಸೋತ ಸುತ್ತು

ಮೊದಲ ಸುತ್ತನ್ನು ಕಾಂಬ್ಯಾಟ್ ಲಾಗ್ ತೆರೆದು ಓದಿದರೆ ಎಲ್ಲವೂ ಅಲ್ಲೇ ಇದೆ. ಇನಿಶಿಯೇಟಿವ್ (ಸರದಿಯ ಕ್ರಮ ಹೇಳುವ ಅಂಕಿ, ಹೆಚ್ಚಿದ್ದವರು ಮೊದಲು) ಬಂದದ್ದು ಹೀಗೆ: ಲೇಜೆಲ್ 4, ಗೇಲ್ 3, ಶ್ಯಾಡೋಹಾರ್ಟ್ 2, ಪಲಾಡಿನ್ 2. ಗಾಬ್ಲಿನ್‌ಗಳಲ್ಲಿ ಬಹುತೇಕರಿಗೆ 5, 6. ಅಂದರೆ ನಮ್ಮವರಲ್ಲಿ ಒಬ್ಬರೂ ಕದಲುವ ಮುನ್ನ ಬಾಣಗಳು ಹೊರಟಿವೆ. ಮಾತುಕತೆಗೆಂದು ನಾಲ್ವರೂ ಒಟ್ಟಿಗೆ ಸಿಂಹಾಸನದ ಮುಂದೆ ಹೋಗಿ ನಿಂತಿದ್ದರಿಂದ ಗೇಲ್ ಎಲ್ಲರ ಕಣ್ಣಿಗೂ ಬಿದ್ದಿದ್ದ. ಅವನ ಸರದಿ ಬರುವಾಗ ಉಳಿದ ಎಚ್‌ಪಿ 9.

ಲೇಜೆಲ್ ಓಡಿಹೋಗಿ ಹೊಡೆದಳು, ಮಿಸ್. ಆ್ಯಕ್ಷನ್ ಸರ್ಜ್ ಬಳಸಿ ಮತ್ತೆ ಹೊಡೆದಳು, ಮಿಸ್. ಅವಳ ಫೀಟ್‌ನಿಂದ ಬಂದ, ಗುರಿ ತಪ್ಪುವ ಅಪಾಯ ಹೆಚ್ಚಿಸಿ ಪೆಟ್ಟು ಹೆಚ್ಚಿಸುವ 'ಆಲ್ ಇನ್' ಟಾಗಲ್ ಆನ್ ಆಗಿಯೇ ಇತ್ತು. ಗೇಲ್ ಫೈರ್ ಬೋಲ್ಟ್ ಬಿಟ್ಟು ನಿಂತಲ್ಲೇ ನಿಂತ. ಶ್ಯಾಡೋಹಾರ್ಟ್ ಕೂಡ ಫೈರ್ ಬೋಲ್ಟ್ ಬಿಟ್ಟಳು, ಮಿಸ್. ಪಲಾಡಿನ್ ಒಬ್ಬ ಗಾಬ್ಲಿನ್‌ನನ್ನು ಕಡಿದು, ಹೊಡೆತಕ್ಕೆ ಹೆಚ್ಚುವರಿ ಪೆಟ್ಟು ಸೇರಿಸುವ ಸ್ಮೈಟ್‌ಗೆ ತನ್ನ ಸ್ಲಾಟ್ (ಸ್ಪೆಲ್‌ಗಳಿಗೆ ಖರ್ಚಾಗುವ ಎಣಿಸಿದ ಪಾಲು) ಒಂದನ್ನು ಅದರ ಮೇಲೇ ಸುರಿದ. ಎರಡನೇ ಸುತ್ತಿಗೆ ಗೇಲ್ ನೆಲಕ್ಕೆ. ಅವನನ್ನು ಎಬ್ಬಿಸಲು ಶ್ಯಾಡೋಹಾರ್ಟ್ ಹತ್ತಿರ ಹೋಗಿ ಕ್ಯೂರ್ ವೂಂಡ್ಸ್ ಹಾಕಿದಳು. ಅಲ್ಲಿಗೆ ಅವಳ ಆ್ಯಕ್ಷನ್ ಖಾಲಿ. ಎದ್ದ ಗೇಲ್ ಮುಂದಿನ ಬಾಣಕ್ಕೆ ಮತ್ತೆ ಬಿದ್ದ. ಅಲ್ಲಿಂದಾಚೆ ಓದುವುದೇ ಬೇಡ.

ಇದರಲ್ಲಿ ಎಣಿಸಬೇಕಾದ್ದು ಮಿಸ್‌ಗಳನ್ನಲ್ಲ. ಮೊದಲ ಸುತ್ತಿನಲ್ಲಿ ನಾಲ್ವರಿಗೂ ಸೇರಿ ನಾಲ್ಕು ಬೋನಸ್ ಆ್ಯಕ್ಷನ್ ಇದ್ದವು, ಬಳಕೆಯಾದದ್ದು ಸೊನ್ನೆ. ನಾಲ್ವರಲ್ಲಿ ಮೂವರಿಗೆ ಕಾನ್ಸಂಟ್ರೇಶನ್ ಸ್ಪೆಲ್‌ಗಳಿವೆ (ಒಬ್ಬರು ಒಮ್ಮೆಗೆ ಒಂದನ್ನೇ ಹಿಡಿದಿಡಬಹುದಾದವು), ಹಾಕಿದ್ದು ಸೊನ್ನೆ. ರಿಯಾಕ್ಷನ್‌ನಲ್ಲಿ (ಶತ್ರುವಿನ ಸರದಿಯಲ್ಲಿ ಕೊಡುವ ಪ್ರತ್ಯುತ್ತರ) ಶೀಲ್ಡ್ ಸ್ಪೆಲ್ ಇರಬೇಕಾದ ಗೇಲ್ ಅದನ್ನು ಪ್ರಿಪೇರ್ ಮಾಡಿಯೇ ಇರಲಿಲ್ಲ. ಪಾರ್ಟಿ ದುರ್ಬಲವಾಗಿದ್ದು ಅಂಕಿಗಳಲ್ಲಲ್ಲ, ಈ ಖಾಲಿ ಮನೆಗಳಲ್ಲಿ.

ಹಾಗಾಗಿ ಒಬ್ಬ ಸದಸ್ಯನನ್ನು ಅಳೆಯುವಾಗ 'ಟ್ಯಾಂಕ್', 'ಹೀಲರ್', 'ಡಿಪಿಎಸ್' (ಪೆಟ್ಟು ಕೊಡುವವರು) ಎಂಬ ಹಣೆಪಟ್ಟಿ ಬದಿಗಿಟ್ಟು ನಾಲ್ಕು ಮನೆ ಬರೆಯಿರಿ: ಆ್ಯಕ್ಷನ್, ಬೋನಸ್ ಆ್ಯಕ್ಷನ್, ರಿಯಾಕ್ಷನ್, ಕಾನ್ಸಂಟ್ರೇಶನ್. ಮೊದಲ ಎರಡು ಸುತ್ತಿನಲ್ಲಿ ಪ್ರತಿ ಮನೆಗೂ ಏನು ಹೋಗುತ್ತದೆ ಎಂದು ತುಂಬಿಸಿ. ಐದನೆಯದಾಗಿ, ಅವರ ಸರದಿ ಯಾವಾಗ ಬರುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಹಣೆಪಟ್ಟಿಗಳು ಆನ್‌ಲೈನ್ ರೇಡ್ ಆಟಗಳಿಂದ ಬಂದವು. ಇಲ್ಲಿ ಶತ್ರು ಯಾರ ಮೇಲೆ ಬೇಕಾದರೂ ಹೋಗಬಹುದು, 'ಟ್ಯಾಂಕ್' ಮುಂದೆ ನಿಂತ ಮಾತ್ರಕ್ಕೆ ಬಾಣ ಅವನಿಗೇ ಬೀಳುವುದಿಲ್ಲ.

ಕೆಳಗಿನ ಲೆಕ್ಕಗಳಿಗೆಲ್ಲ ಶತ್ರುವಿನ ಎಸಿ (ಆರ್ಮರ್ ಕ್ಲಾಸ್, ಹೊಡೆತ ತಗುಲಲು ಮುಟ್ಟಬೇಕಾದ ಅಂಕಿ) 15, ಡೆಕ್ಸ್ಟೆರಿಟಿ 14 ಎಂದು ಹಿಡಿದಿದೆ. ನಿಮ್ಮ ಎದುರಿರುವವನ ನಿಜವಾದ ಅಂಕಿ ಬೇಕಿದ್ದರೆ ಅವನ ಮೇಲೆ ಕರ್ಸರ್ ಇಟ್ಟು ಎಕ್ಸಾಮಿನ್ ತೆರೆಯಿರಿ. ಎಸಿ, ಸೇವ್‌ಗಳು (ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಉರುಳಿಸುವುದು), ರೆಸಿಸ್ಟೆನ್ಸ್ ಎಲ್ಲ ಅಲ್ಲಿ ಕಾಣುತ್ತವೆ.

ಶ್ಯಾಡೋಹಾರ್ಟ್: ಎಲ್ಲರ ಬೈಗುಳ ತಿನ್ನುವವಳು

ಅವಳ ಫೈರ್ ಬೋಲ್ಟ್ ಕ್ಲೆರಿಕ್ ಸ್ಪೆಲ್ ಅಲ್ಲ, ಹೈ ಹಾಫ್-ಎಲ್ಫ್ ಕುಲದಿಂದ ಬಂದದ್ದು. ಅದು ನೋಡುವುದು ಇಂಟೆಲಿಜೆನ್ಸ್ ಅನ್ನು, ಅವಳಿಗಿರುವುದು 10. ಹಾಗಾಗಿ ವಿಸ್ಡಮ್ 19ಕ್ಕೆ ಏರಿಸಿದರೂ ಆ ಸ್ಪೆಲ್‌ಗೆ ಸಿಗುವುದು ಪ್ರಾವೀಣ್ಯದ +2 ಮಾತ್ರ. ಎಸಿ 15ರ ಎದುರು 40% ಸಾಧ್ಯತೆ, 1ಡಿ10 (ಹತ್ತು ಮುಖದ ಒಂದು ದಾಳ) ಪೆಟ್ಟು, ದಾಳ ದುಪ್ಪಟ್ಟಾಗುವ ಕ್ರಿಟಿಕಲ್ ಸೇರಿಸಿದರೆ ಸರಾಸರಿ 2.5.

'ಅದರ ಬದಲು ಸೇಕ್ರೆಡ್ ಫ್ಲೇಮ್ ಹಾಕಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: ಡಿಸಿ (ಸೇವ್ ಮುಟ್ಟಬೇಕಾದ ಅಂಕಿ) 14, ಡೆಕ್ಸ್ಟೆರಿಟಿ 14ರ ಶತ್ರು 45% ಸಲ ತಪ್ಪಿಸಿಕೊಳ್ಳುತ್ತಾನೆ, 1ಡಿ8ರ ಸರಾಸರಿ 4.5ಕ್ಕೆ 55% ಅಂದರೆ ಮತ್ತದೇ 2.5. ಎರಡೂ ಅಷ್ಟಕ್ಕಷ್ಟೇ. ಯಾವ ಕ್ಯಾಂಟ್ರಿಪ್ (ಸ್ಲಾಟ್ ಖರ್ಚಾಗದ ಸಣ್ಣ ಸ್ಪೆಲ್) ಎನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ, ಮೊದಲ ಸುತ್ತಿನ ಆ್ಯಕ್ಷನ್ ಕ್ಯಾಂಟ್ರಿಪ್‌ಗೆ ಹೋಗುತ್ತಿರುವುದೇ ತಪ್ಪು.

ಅದೇ ಆ್ಯಕ್ಷನ್ ಬ್ಲೆಸ್‌ಗೆ ಹೋದರೆ? ಲೆವೆಲ್ 1 ಸ್ಲಾಟ್‌ನಲ್ಲಿ ಮೂವರಿಗೆ, ಲೆವೆಲ್ 2ರಲ್ಲಿ ನಾಲ್ವರಿಗೆ, 9 ಮೀಟರ್ ಒಳಗೆ, 10 ಸುತ್ತು, ಪ್ರತಿ ಹೊಡೆತಕ್ಕೂ ಪ್ರತಿ ಸೇವ್‌ಗೂ 1ಡಿ4. ಸರಾಸರಿ +2.5, ಅಂದರೆ ಸಾಧ್ಯತೆಯಲ್ಲಿ 12.5%. ಲೇಜೆಲ್ ಆಲ್ ಇನ್‌ನಲ್ಲಿ ಹೊಡೆದರೆ ಪ್ರತಿ ಹೊಡೆತಕ್ಕೆ 2.5 ಹೆಚ್ಚು, ಪಲಾಡಿನ್‌ಗೆ ಸುಮಾರು 1.4, ಸ್ಮೈಟ್ ಸೇರಿದರೆ 2.5. ಗೇಲ್‌ನ ಫೈರ್ ಬೋಲ್ಟ್‌ಗೆ 0.7. ಒಟ್ಟಿನಲ್ಲಿ ಒಂದು ಸುತ್ತಿಗೆ 4.6ರಿಂದ 5.7. ಒಮ್ಮೆ ಹಾಕಿದರೆ ಮುಂದಿನ ಸುತ್ತುಗಳಲ್ಲೂ ಅದು ದುಡಿಯುತ್ತಲೇ ಇರುತ್ತದೆ, ಅವಳ ಆ್ಯಕ್ಷನ್ ಮತ್ತೆ ಖಾಲಿ ಸಿಗುತ್ತದೆ. ಈ ಪೆಟ್ಟು ಡ್ಯಾಮೇಜ್ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬರದೆ ಲೇಜೆಲ್ ಖಾತೆಗೆ ಬೀಳುತ್ತದೆ. 'ಲೇಜೆಲ್ ಒಬ್ಬಳೇ ಕೆಲಸ ಮಾಡ್ತಾಳೆ' ಎಂಬ ಭ್ರಮೆ ಹುಟ್ಟುವುದು ಅಲ್ಲಿಂದಲೇ.

ಬೋನಸ್ ಆ್ಯಕ್ಷನ್ ಮನೆಗೆ ಸ್ಪಿರಿಚುವಲ್ ವೆಪನ್. ಟೇಬಲ್ ಮೇಲೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ 2014ರ ನಿಯಮದಲ್ಲಿ ಬೋನಸ್ ಆ್ಯಕ್ಷನ್‌ನಲ್ಲಿ ಸ್ಪೆಲ್ ಹಾಕಿದ ಸರದಿಯಲ್ಲಿ ಕ್ಯಾಂಟ್ರಿಪ್ ಬಿಟ್ಟು ಬೇರೆ ಸ್ಪೆಲ್ ಹಾಕುವಂತಿಲ್ಲ. ಈ ಆಟದಲ್ಲಿ ಆ ತಡೆಯಿಲ್ಲ, ಒಂದೇ ಸರದಿಯಲ್ಲಿ ಬ್ಲೆಸ್ ಮತ್ತು ಸ್ಪಿರಿಚುವಲ್ ವೆಪನ್ ಎರಡೂ ಆಗುತ್ತವೆ. ಆ ಆಯುಧಕ್ಕೆ ಕಾನ್ಸಂಟ್ರೇಶನ್ ಬೇಡ, ತನ್ನದೇ ಸರದಿ, ತನ್ನದೇ ಎಚ್‌ಪಿ ಇದೆ. ಅದರ ಮೇಲೆ ಬಿದ್ದ ಒಂದೊಂದು ಬಾಣವೂ ಗೇಲ್‌ನಿಂದ ತಪ್ಪಿದ ಬಾಣ.

ಬಿದ್ದವರನ್ನು ಎಬ್ಬಿಸಲು ಕ್ಯೂರ್ ವೂಂಡ್ಸ್ ಬೇಡ, ಹೀಲಿಂಗ್ ವರ್ಡ್ ಸಾಕು: ಬೋನಸ್ ಆ್ಯಕ್ಷನ್, 18 ಮೀಟರ್ ದೂರದಿಂದ, ಸರಾಸರಿ 6.5. ಕ್ಯೂರ್ ವೂಂಡ್ಸ್ ಕೊಡುವುದು 8.5. ಎರಡು ಎಚ್‌ಪಿ ಆಸೆಗೆ ಒಂದು ಪೂರ್ತಿ ಆ್ಯಕ್ಷನ್ ಮತ್ತು ಓಡಾಟ ಯಾಕೆ? ಸ್ಲಾಟ್ ಉಳಿಸಬೇಕಿದ್ದರೆ ಬಿದ್ದವರ ಕಾಲ ಬಳಿ ಹೀಲಿಂಗ್ ಪೋಶನ್ ಎಸೆದರೂ ಅವರು ಏಳುತ್ತಾರೆ.

ಇನ್ನು ಟ್ರಿಕರಿ ಡೊಮೇನ್. ಕ್ಯಾಂಪಿನಲ್ಲಿರುವ ವಿದರ್ಸ್ ಬಳಿ 100 ಚಿನ್ನ ಕೊಟ್ಟು ಲೈಫ್ ಅಥವಾ ಲೈಟ್ ಡೊಮೇನ್‌ಗೆ ಬದಲಿಸಿ ಎನ್ನುವವರು ಬಹಳ. ಲೆವೆಲ್ 5ರಲ್ಲಿ ಫೈರ್‌ಬಾಲ್ ಸಿಗುವ ಲೈಟ್ ಡೊಮೇನ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಭಾಂಗಣಕ್ಕೆ ಟ್ರಿಕರಿಯಲ್ಲೇ ಒಂದು ಅಸ್ತ್ರವಿದೆ: ಲೆವೆಲ್ 3ರಿಂದ ಸದಾ ಪ್ರಿಪೇರ್ ಆಗಿರುವ ಪಾಸ್ ವಿದೌಟ್ ಟ್ರೇಸ್, ಸ್ಟೆಲ್ತ್‌ಗೆ +10. ಇದೂ ಕಾನ್ಸಂಟ್ರೇಶನ್. ಹಾಗಾಗಿ ಕ್ರಮ ಮುಖ್ಯ. ಒಳಗೆ ನುಸುಳುವ ತನಕ ಪಾಸ್ ವಿದೌಟ್ ಟ್ರೇಸ್, ಮೊದಲ ಬಾಣ ಬಿಟ್ಟ ಮೇಲೆ ಬ್ಲೆಸ್. ಲೆವೆಲ್ 4ರ ಕ್ಲೆರಿಕ್‌ಗೆ ಲೆವೆಲ್ 2 ಸ್ಲಾಟ್ ಮೂರೇ. ಒಂದು ಪಾಸ್ ವಿದೌಟ್ ಟ್ರೇಸ್‌ಗೆ, ಒಂದು ನಾಲ್ವರ ಬ್ಲೆಸ್‌ಗೆ, ಒಂದು ಸ್ಪಿರಿಚುವಲ್ ವೆಪನ್‌ಗೆ, ಸರಿಯಾಗಿ ಮೂರು. ಲೆವೆಲ್ 1ರ ನಾಲ್ಕೂ ಹೀಲಿಂಗ್ ವರ್ಡ್‌ಗೆ.

ಬ್ಲೆಸ್‌ನಲ್ಲಿ ಅವಳನ್ನೂ ಸೇರಿಸುವುದು ಸುಮ್ಮನೆ ಅಲ್ಲ. ಪೆಟ್ಟು ಬಿದ್ದಾಗ ಕಾನ್ಸಂಟ್ರೇಶನ್ ಉಳಿಸಿಕೊಳ್ಳಲು ಡಿಸಿ 10 ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. ಕಾನ್‌ಸ್ಟಿಟ್ಯೂಶನ್ 14ರ +2ಕ್ಕೆ 65%, ಬ್ಲೆಸ್ ಸೇರಿದರೆ 77.5%. ಆದರೂ ನಾಲ್ಕು ಪೆಟ್ಟಿಗೆ ಒಮ್ಮೆ ಮುರಿಯುವ ಲೆಕ್ಕ ಅದು. ಅವಳು ನಿಲ್ಲಬೇಕಾದ್ದು ಬಾಗಿಲ ಮರೆಯಲ್ಲಿ, ಮುಂಚೂಣಿಯಲ್ಲಲ್ಲ.

ಗೇಲ್

ಗೇಲ್ ಬೀಳುವುದು ನಿಜ. ವಿಝರ್ಡ್ ಅಂದರೇ ಹಾಗೆ ಎಂದು ಕೈಬಿಡುವ ಮುನ್ನ ಅವನ ಎಸಿ ನೋಡಿ. ಮೇಜ್ ಆರ್ಮರ್ ಹಾಕಿದರೆ 14. ಈ ಆಟದಲ್ಲಿ ಮಾನವರಿಗೆ ಹುಟ್ಟಿನಿಂದಲೇ ಗುರಾಣಿಯ ತರಬೇತಿ ಇದೆ, ಗೇಲ್ ಮಾನವ. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಗುರಾಣಿ ಕೊಟ್ಟರೂ ಮೇಜ್ ಆರ್ಮರ್ ಉಳಿಯುತ್ತದೆ, ಸ್ಪೆಲ್‌ಗೂ ಅಡ್ಡಿಯಿಲ್ಲ: ಎಸಿ 16. ರಿಯಾಕ್ಷನ್‌ಗೆ ಶೀಲ್ಡ್ ಸ್ಪೆಲ್ ಇಟ್ಟರೆ ಬೇಕಾದಾಗ 21. ಹೊಡೆತಕ್ಕೆ +4 ಇರುವ ಗಾಬ್ಲಿನ್‌ಗೆ ಎಸಿ 14ರ ಎದುರು 55%, 16ಕ್ಕೆ 45%, 21ಕ್ಕೆ 20%. ಕ್ಯಾಂಪಿನ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುವ ಗುರಾಣಿಯೊಂದು ಮಾಡುವ ಕೆಲಸ ಇದು.

ಅವನ ಕಾನ್ಸಂಟ್ರೇಶನ್ ಮನೆಗೆ ಹೋಲ್ಡ್ ಪರ್ಸನ್. ರಾಗ್ಜ್ಲಿನ್ ಹಾಬ್‌ಗಾಬ್ಲಿನ್, ಹ್ಯೂಮನಾಯ್ಡ್, ಹಾಗಾಗಿ ಹಿಡಿಯುತ್ತದೆ. ಡಿಸಿ 14, ಅವನ ವಿಸ್ಡಮ್ ಸೇವ್ +1 ಎಂದಿಟ್ಟುಕೊಂಡರೆ ಸಾಧ್ಯತೆ 60%. ಹಿಡಿದ ಮೇಲೆ ಅವನ ಮೇಲಿನ ಹೊಡೆತಗಳಿಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಹೆಚ್ಚಿನದನ್ನು ಹಿಡಿಯುವುದು), 3 ಮೀಟರ್ ಒಳಗಿಂದ ಹೊಡೆದದ್ದೆಲ್ಲ ಕ್ರಿಟಿಕಲ್. ಪಲಾಡಿನ್‌ನ ಕತ್ತಿ 4ಡಿ6+4, ಸ್ಮೈಟ್ 4ಡಿ8, ಸೇರಿ ಸರಾಸರಿ 36. ಮೊದಲ ಸುತ್ತಿನಲ್ಲಿ ಬಡಪಾಯಿ ಗಾಬ್ಲಿನ್ ಮೇಲೆ ಸುರಿದ ಆ ಸ್ಲಾಟ್ ಇಲ್ಲಿ ದುಪ್ಪಟ್ಟು ಬೆಲೆಗೆ ಹೋಗುತ್ತದೆ.

ಇಲ್ಲಿ ಕೈಕೊಡುವುದು ಸರದಿಯ ಕ್ರಮ. ಹೋಲ್ಡ್ ಆದವನು ತನ್ನ ಪ್ರತಿ ಸರದಿಯ ಕೊನೆಯಲ್ಲಿ ಮತ್ತೆ ಸೇವ್ ಮಾಡುತ್ತಾನೆ. ಗೇಲ್‌ನ ಸರದಿಗೂ ಪಲಾಡಿನ್‌ನ ಸರದಿಗೂ ನಡುವೆ ರಾಗ್ಜ್ಲಿನ್ ಇದ್ದರೆ, ಪಲಾಡಿನ್ ಬರುವ ಹೊತ್ತಿಗೆ ಅವನಿನ್ನೂ ಕಟ್ಟುಬಿದ್ದಿರುವ ಸಾಧ್ಯತೆ 60%ರಲ್ಲಿ 60%, ಅಂದರೆ 36%. ಸರದಿಯನ್ನು ಮುಂದೂಡುವ, ಕಾದು ಹೊಡೆಯುವ ಸೌಲಭ್ಯ ಈ ಆಟದಲ್ಲಿಲ್ಲ. ಹಾಗಿರುವಾಗ ಗೇಲ್ ಆ ಸುತ್ತಿನಲ್ಲಿ ಬೇರೇನಾದರೂ ಮಾಡಲಿ: ಗುಂಪಾಗಿ ನಿಂತವರ ಮೇಲೆ ಶ್ಯಾಟರ್ (3ಡಿ8), ಅಥವಾ ಲೆವೆಲ್ 2 ಸ್ಲಾಟ್‌ನಲ್ಲಿ ತಪ್ಪದೆ ತಗುಲುವ ಮ್ಯಾಜಿಕ್ ಮಿಸೈಲ್, ನಾಲ್ಕು ಬಾಣಕ್ಕೆ ಸರಾಸರಿ 14. ಇನ್ನೊಂದು ಅನುಕೂಲವಿದೆ. ಇನಿಶಿಯೇಟಿವ್ ಪಟ್ಟಿಯಲ್ಲಿ ನಮ್ಮವರು ಅಕ್ಕಪಕ್ಕ ಬಿದ್ದು ಸರದಿ ಹಂಚಿಕೊಂಡಾಗ, ಯಾರು ಮೊದಲು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಮೇಲಿನ ಚಿತ್ರಗಳ ಸಾಲನ್ನು ನೋಡದೆ ಹೋಲ್ಡ್ ಹಾಕುವುದು ಸ್ಲಾಟನ್ನು ನೀರಿಗೆ ಹಾಕಿದಂತೆ.

ಇಬ್ಬರು ಖಡ್ಗಧಾರಿಗಳು

ಲೇಜೆಲ್ ಚೆನ್ನಾಗಿದ್ದಾಳೆ ಎಂಬುದು ಸರಿ, ಒಬ್ಬಳೇ ಕೆಲಸ ಮಾಡುತ್ತಾಳೆ ಎಂಬುದು ಸುಳ್ಳು. ಅವಳ ಹೊಡೆತಕ್ಕೆ +5. ಮಾಮೂಲಿಯಾಗಿ ಹೊಡೆದರೆ 55% ತಗುಲಿ ಸರಾಸರಿ 5.9. ಆಲ್ ಇನ್ ಹಾಕಿದರೆ ಹೊಡೆತಕ್ಕೆ −5, ಪೆಟ್ಟಿಗೆ +10. ಸಾಧ್ಯತೆ 30%ಕ್ಕೆ ಇಳಿದು ಸರಾಸರಿ 6.4. ಅರ್ಧ ಅಂಕದ ಲಾಭಕ್ಕೆ ಹತ್ತರಲ್ಲಿ ಏಳು ಹೊಡೆತ ಗಾಳಿಗೆ. ಅದೇ ಫೀಟ್ ಬದಲು ಸ್ಟ್ರೆಂಗ್ತ್ 19 ಮಾಡಿದ್ದರೆ ಯಾರ ನೆರವೂ ಇಲ್ಲದೆ 7 ಬರುತ್ತಿತ್ತು!

ಬ್ಲೆಸ್ ಬಿದ್ದ ಕ್ಷಣ ಚಿತ್ರ ಬದಲಾಗುತ್ತದೆ: ಆಲ್ ಇನ್ 8.9, ಸ್ಟ್ರೆಂಗ್ತ್ 19 ಆಗಿದ್ದರೆ 8.3. ಅಡ್ವಾಂಟೇಜ್ ಸಿಕ್ಕರೆ 10.9ಕ್ಕೆ 9.9. ಅಂದರೆ ಗ್ರೇಟ್ ವೆಪನ್ ಮಾಸ್ಟರ್ ಲೇಜೆಲ್‌ಳ ಫೀಟ್ ಅನ್ನುವುದಕ್ಕಿಂತ ಶ್ಯಾಡೋಹಾರ್ಟ್ ಜೊತೆಗಿದ್ದರೆ ಮಾತ್ರ ಫಲ ಕೊಡುವ ಫೀಟ್. ಕ್ಲೆರಿಕ್ ತೆಗೆದು ಇನ್ನೊಬ್ಬ ಹೊಡೆದಾಟಗಾರನನ್ನು ತರುವ ಯೋಚನೆ ಯಾಕೆ ಉಲ್ಟಾ ಹೊಡೆಯುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಪಲಾಡಿನ್‌ನದು ಇದೇ ಜಾಗ, ಇದೇ ಆಯುಧ, ಇದೇ ನಿಧಾನ. ತಂಡದಲ್ಲಿ ಇಬ್ಬರು ವಿಕೆಟ್ ಕೀಪರ್ ಇದ್ದ ಹಾಗೆ: ಇಬ್ಬರೂ ಒಳ್ಳೆಯವರೇ, ನಿಲ್ಲುವ ಜಾಗ ಒಂದೇ. ಅವನ ಬೋನಸ್ ಆ್ಯಕ್ಷನ್‌ಗೆ ತಳ್ಳುವುದು, ನೆಗೆಯುವುದು ಇದೆ (ಈ ಆಟದಲ್ಲಿ ಎರಡೂ ಬೋನಸ್ ಆ್ಯಕ್ಷನ್). ಶೀಲ್ಡ್ ಆಫ್ ಫೇತ್ ಹಾಕಿ ಗೇಲ್‌ಗೆ ಎಸಿ +2 ಕೊಡಬಹುದು, ಆದರೆ ಸ್ಲಾಟ್ ಇರುವುದೇ ಮೂರು, ಒಂದೊಂದೂ ಸ್ಮೈಟ್‌ಗೆ ಸರಾಸರಿ 9, ಕ್ರಿಟಿಕಲ್‌ಗೆ 18. ನನ್ನ ಮತ ಸ್ಲಾಟ್ ಉಳಿಸುವ ಕಡೆಗೆ.

ಮಾತಿನ ಕೆಲಸ ಮಾತ್ರ ಪಲಾಡಿನ್‌ದೇ, ಕರಿಸ್ಮಾ 16 ಬೇರೆ ಯಾರಿಗೂ ಇಲ್ಲ. ಸ್ವಂತ ಪಾತ್ರವಾದ್ದರಿಂದ ಅವನನ್ನು ಕ್ಯಾಂಪಿಗೆ ಕಳಿಸುವಂತೆಯೂ ಇಲ್ಲ. ಹಾಗಾಗಿ ತೂಗಬೇಕಾದ ಕುರ್ಚಿ ಲೇಜೆಲ್‌ಳದು.

ಲೇಜೆಲ್‌ಳೋ ಆಸ್ಟೇರಿಯನ್ನೋ

ಆಸ್ಟೇರಿಯನ್: ಲೆವೆಲ್ 4, ಡೆಕ್ಸ್ಟೆರಿಟಿ 19, ಥೀಫ್ ಸಬ್‌ಕ್ಲಾಸ್, ಎರಡು ಕೈಗೂ ಹ್ಯಾಂಡ್ ಕ್ರಾಸ್‌ಬೋ. ಥೀಫ್‌ಗೆ ಈ ಆಟದಲ್ಲಿ ಬೋನಸ್ ಆ್ಯಕ್ಷನ್ ಎರಡು. ಮುಖ್ಯ ಬಾಣಕ್ಕೆ 1ಡಿ6+4, ಮೇಲೆ ಸ್ನೀಕ್ ಅಟ್ಯಾಕ್ 2ಡಿ6. ಎಡಗೈಯ ಎರಡು ಬಾಣಗಳಿಗೆ ತಲಾ 1ಡಿ6, ಡೆಕ್ಸ್ಟೆರಿಟಿ ಸೇರುವುದಿಲ್ಲ.

ಇಬ್ಬರಿಗೂ ಬ್ಲೆಸ್ ಇದೆ ಎಂದುಕೊಂಡು ಮೂರು ಸುತ್ತಿನ ಲೆಕ್ಕ ಹಾಕೋಣ. ಲೇಜೆಲ್‌ಗೆ ಮೂರು ಹೊಡೆತ, ಆ್ಯಕ್ಷನ್ ಸರ್ಜ್‌ನಿಂದ ಇನ್ನೊಂದು, ನಾಲ್ಕಕ್ಕೂ ಸುಪೀರಿಯಾರಿಟಿ ಡೈಸ್ (ಬ್ಯಾಟಲ್ ಮಾಸ್ಟರ್‌ನ ಹೆಚ್ಚುವರಿ ಪೆಟ್ಟಿನ ದಾಳ): ಸುಮಾರು 43. ಆಸ್ಟೇರಿಯನ್‌ಗೆ ಸುತ್ತಿಗೆ 16.5ರಂತೆ ಸುಮಾರು 49. ಕೊಂದ ಮೇಲೆ ಲೇಜೆಲ್‌ಗೆ ಸಿಗುವ ಹೆಚ್ಚುವರಿ ಹೊಡೆತ ಇದರಲ್ಲಿ ಸೇರಿಲ್ಲ, ಅದನ್ನು ಸೇರಿಸಿದರೆ ಇಬ್ಬರೂ ಸರಿಸಮ ಅನ್ನಬಹುದು.

ಸಮ ಆಗುವುದು ಕಾಗದದ ಮೇಲೆ. ಈ ಸಭಾಂಗಣದಲ್ಲಿ ಶತ್ರುಗಳು ಚದುರಿ ನಿಲ್ಲುತ್ತಾರೆ, ಲೇಜೆಲ್ ನಡೆಯುವುದು ಸುತ್ತಿಗೆ 9 ಮೀಟರ್. ಒಂದೇ ಒಂದು ಸುತ್ತು ಓಡಾಟದಲ್ಲಿ ಹೋದರೂ 43 ಇಳಿದು 32 ಆಗುತ್ತದೆ. ಬಿಲ್ಲು ಕೊಟ್ಟರೆ ಡೆಕ್ಸ್ಟೆರಿಟಿ 13ರಲ್ಲಿ ಅವಳ ಬಾಣದ ಸರಾಸರಿ ಮೂರನ್ನೂ ಮುಟ್ಟುವುದಿಲ್ಲ. ಆಸ್ಟೇರಿಯನ್ ನಿಂತಲ್ಲಿಂದಲೇ ಹೊಡೆಯುತ್ತಾನೆ. ಎತ್ತರದಲ್ಲಿದ್ದರೆ ದೂರದ ಹೊಡೆತಕ್ಕೆ +2 ಬೇರೆ, ಸಭಾಂಗಣದ ಮೇಲೆ ಅಡ್ಡತೊಲೆಗಳು ಅದಕ್ಕೆಂದೇ ಇಟ್ಟ ಹಾಗಿವೆ.

ನಿರ್ಣಾಯಕವಾದದ್ದು ಇನಿಶಿಯೇಟಿವ್. ಟೇಬಲ್ ಆಟದಲ್ಲಿ ಅದಕ್ಕೆ ಡಿ20 ಉರುಳಿಸುತ್ತಾರೆ. ಇಲ್ಲಿ ಉರುಳುವುದು ಡಿ4. ಡಿ20ಯಲ್ಲಿ ಡೆಕ್ಸ್ಟೆರಿಟಿಯ ಒಂದೆರಡು ಅಂಕದ ವ್ಯತ್ಯಾಸ ಗದ್ದಲದಲ್ಲಿ ಕಳೆದುಹೋಗುತ್ತದೆ, ಡಿ4ರಲ್ಲಿ ಅದೇ ತೀರ್ಪು. ಡೆಕ್ಸ್ಟೆರಿಟಿ 14ರ ಗಾಬ್ಲಿನ್‌ಗಿಂತ ಮೇಲೆ ಬರುವ ಸಾಧ್ಯತೆ ಗೇಲ್, ಲೇಜೆಲ್, ಶ್ಯಾಡೋಹಾರ್ಟ್ ಮೂವರಿಗೂ 16ರಲ್ಲಿ 3, ಅಂದರೆ 19%. ಆಸ್ಟೇರಿಯನ್‌ಗೆ 16ರಲ್ಲಿ 13, 81%. ಸೋತ ಸುತ್ತಿನಲ್ಲಿ ಎಲ್ಲರೂ ಬಾಣ ತಿಂದ ಮೇಲೇ ಎದ್ದದ್ದು ದುರದೃಷ್ಟ ಅಲ್ಲ, ಅದು ಆಗಬೇಕಾದ್ದೇ ಆಗಿತ್ತು.

ಬೀಗದ ಕೆಲಸದಲ್ಲೂ ಸ್ಲೈಟ್ ಆಫ್ ಹ್ಯಾಂಡ್‌ನಲ್ಲಿ ಎಕ್ಸ್‌ಪರ್ಟೀಸ್ ಇದ್ದರೆ ಅವನಿಗೆ +8. ಲೇಜೆಲ್ ತನ್ನ ಕುಲದ ವಿದ್ಯೆಯಾದ ಆಸ್ಟ್ರಲ್ ನಾಲೆಡ್ಜ್‌ನಲ್ಲಿ ಡೆಕ್ಸ್ಟೆರಿಟಿ ಆರಿಸಿಕೊಂಡು +3 ತಲುಪುತ್ತಾಳೆ. ರೋಗ್ ಇಲ್ಲದೆ ತಿರುಗುವವರಿಗೆ ಅಷ್ಟು ಸಾಕು, ಗೈಡೆನ್ಸ್ ಸ್ಪೆಲ್ ಮೇಲೆ ಹಾಕಿಕೊಂಡರೆ.

ಕಾರ್ಲಾಕ್ ಬಗ್ಗೆ ಕೇಳಿದ್ದರಿಂದ ಹೇಳಬೇಕು: ಎಚ್‌ಪಿ 41, ರೆಕ್‌ಲೆಸ್ ಅಟ್ಯಾಕ್‌ನಿಂದ ತನಗೆ ತಾನೇ ಅಡ್ವಾಂಟೇಜ್ ತಂದುಕೊಳ್ಳುವವಳು, ಆದ್ದರಿಂದ ಗ್ರೇಟ್ ವೆಪನ್ ಮಾಸ್ಟರ್ ನಿಜಕ್ಕೂ ಒಪ್ಪುವುದು ಅವಳಿಗೇ. ಆದರೆ ಅವಳೂ ಡೆಕ್ಸ್ಟೆರಿಟಿ 13, ಅವಳೂ ಓಡಿಹೋಗಿಯೇ ಹೊಡೆಯಬೇಕು. ಲೇಜೆಲ್ ಜಾಗಕ್ಕೆ ಬರಬಹುದು, ಕ್ಲೆರಿಕ್ ಜಾಗಕ್ಕಲ್ಲ.

ಬದಲಿಸಿದ ಯೋಜನೆ

ಲೇಜೆಲ್ ಹೊರಗೆ, ಆಸ್ಟೇರಿಯನ್ ಒಳಗೆ, ಉಳಿದ ಮೂವರೂ ಅವರೇ. ಹೋಗುವ ಮುನ್ನ ಲಾಂಗ್ ರೆಸ್ಟ್ (ಬ್ಯಾಲೆನ್ಸ್ಡ್‌ನಲ್ಲಿ 40 ಕ್ಯಾಂಪ್ ಸಪ್ಲೈಸ್), ಗೇಲ್‌ಗೆ ಮೇಜ್ ಆರ್ಮರ್ ಮತ್ತು ಗುರಾಣಿ, ಶೀಲ್ಡ್ ಹಾಗೂ ಹೋಲ್ಡ್ ಪರ್ಸನ್ ಪ್ರಿಪೇರ್. ರಿಯಾಕ್ಷನ್ ಪಟ್ಟಿಯಲ್ಲಿ ಶೀಲ್ಡ್ ಮತ್ತು ಸ್ಮೈಟ್ ಎರಡಕ್ಕೂ 'ಆಸ್ಕ್' ಆಯ್ಕೆ ಇರಲಿ. ಇಲ್ಲದಿದ್ದರೆ ಆಟ ತನಗೆ ತೋಚಿದಂತೆ ಖರ್ಚು ಮಾಡುತ್ತದೆ.

ಗುಂಪನ್ನು ಬಿಡಿಸಿ. ಪಾಸ್ ವಿದೌಟ್ ಟ್ರೇಸ್ ಹಾಕಿ ಆಸ್ಟೇರಿಯನ್ ತೊಲೆಯ ಮೇಲೆ ಹೋಗಲಿ. ಪಲಾಡಿನ್‌ನ ಭಾರಿ ಕವಚಕ್ಕೆ ಸ್ಟೆಲ್ತ್‌ನಲ್ಲಿ ಡಿಸ್‌ಅಡ್ವಾಂಟೇಜ್ ಇರುವುದರಿಂದ ಅವನು, ಗೇಲ್, ಶ್ಯಾಡೋಹಾರ್ಟ್ ಬಾಗಿಲ ಹೊರಗೆ ಒಟ್ಟಿಗೆ ನಿಲ್ಲಲಿ. ಬ್ಲೆಸ್‌ನ 9 ಮೀಟರ್ ಒಳಗೆ ಇರಬೇಕೆನ್ನುವುದು ಮರೆಯಬೇಡಿ. ತೊಲೆಯ ಮೇಲಿನವನಿಗೆ ಅದು ಎಟುಕದಿದ್ದರೆ ಎಳೆದಾಡಬೇಡಿ, ಕೆಳಗಿನ ಮೂವರಿಗೆ ಲೆವೆಲ್ 1 ಸ್ಲಾಟ್ ಸಾಕು. ಆಸ್ಟೇರಿಯನ್‌ಗೆ ಎತ್ತರದ +2 ಹೇಗೂ ಇದೆ.

ಮರೆಯಿಂದ ಬಿಟ್ಟ ಮೊದಲ ಬಾಣಕ್ಕೆ ಶತ್ರುಗಳು ಸರ್ಪ್ರೈಸ್ಡ್ ಆದರೆ ಅವರ ಮೊದಲ ಸರದಿ ಹಾಗೇ ಹೋಗುತ್ತದೆ. ಆ ಬಿಡುವಿನಲ್ಲಿ ಮೂವರು ಒಳಗೆ ಬರಲಿ: ಶ್ಯಾಡೋಹಾರ್ಟ್‌ಳಿಂದ ಬ್ಲೆಸ್, ಸ್ಪಿರಿಚುವಲ್ ವೆಪನ್, ಪಲಾಡಿನ್ ರಾಗ್ಜ್ಲಿನ್ ಕಡೆಗೆ, ಗೇಲ್ ಸರದಿ ಸಾಲು ನೋಡಿಕೊಂಡು ಹೋಲ್ಡ್ ಅಥವಾ ಶ್ಯಾಟರ್. ಹೋಲ್ಡ್ ಮೊದಲ ಸಲ ತಪ್ಪಿದರೆ ಇನ್ನೊಮ್ಮೆ ಪ್ರಯತ್ನಿಸಬಹುದು. ಎರಡರಲ್ಲಿ ಒಂದಾದರೂ ಹಿಡಿಯುವ ಸಾಧ್ಯತೆ 84%. ಮೂರನೇ ಸ್ಲಾಟ್ ಮಿಸ್ಟಿ ಸ್ಟೆಪ್‌ಗೆ ಇಡಿ, ಗೇಲ್ ಸಿಕ್ಕಿಬಿದ್ದಾಗ ಬೋನಸ್ ಆ್ಯಕ್ಷನ್‌ನಲ್ಲಿ ಹೊರಬರಲು.

ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ. ಆಸ್ಟೇರಿಯನ್‌ಗೆ ಸ್ನೀಕ್ ಅಟ್ಯಾಕ್ ಸಿಗಬೇಕಾದರೆ ಅಡ್ವಾಂಟೇಜ್ ಬೇಕು, ಇಲ್ಲವೇ ಗುರಿಯ ಪಕ್ಕದಲ್ಲಿ ನಮ್ಮವರೊಬ್ಬರು ಇರಬೇಕು. ಪಲಾಡಿನ್ ಎಲ್ಲಿ ಕಾದುತ್ತಿದ್ದಾನೋ ಅಲ್ಲೇ ಬಾಣ ಬೀಳಲಿ. ದೂರದ ಬಿಲ್ಲುಗಾರನನ್ನು ಆರಿಸಿಕೊಂಡರೆ ಪ್ರತಿ ಸರದಿಯಲ್ಲೂ ಸರಾಸರಿ 7 ಪೆಟ್ಟಿನ 2ಡಿ6 ಕಳೆದುಕೊಂಡಂತೆ. ಎರಡನೆಯದು ಶ್ಯಾಡೋಹಾರ್ಟ್‌ಳ ಮರೆವು: ಬ್ಲೆಸ್ ನಡೆಯುತ್ತಿರುವಾಗ ಬೇರೆ ಕಾನ್ಸಂಟ್ರೇಶನ್ ಸ್ಪೆಲ್ ಒತ್ತಿದರೆ ಮೊದಲಿನದು ಹೋಗುತ್ತದೆ.

ಲೆವೆಲ್ 5ಕ್ಕೆ ಈ ತೀರ್ಪು ನಿಲ್ಲದು

ಲೆವೆಲ್ 5ರಲ್ಲಿ ಲೇಜೆಲ್‌ಗೆ ಎಕ್ಸ್‌ಟ್ರಾ ಅಟ್ಯಾಕ್, ಎಲ್ಲರ ಪ್ರಾವೀಣ್ಯ +3. ಅದೇ ಮೂರು ಸುತ್ತಿನ ಲೆಕ್ಕ ಮತ್ತೆ ಹಾಕಿದರೆ ಅವಳಿಗೆ ಎಂಟು ಹೊಡೆತ, ಬ್ಲೆಸ್ ಜೊತೆ ಆಲ್ ಇನ್‌ನಲ್ಲಿ ಸುಮಾರು 87. ಆಸ್ಟೇರಿಯನ್‌ಗೆ ಸ್ನೀಕ್ ಅಟ್ಯಾಕ್ 3ಡಿ6 ಆದರೂ ಸುಮಾರು 61. ಒಂದು ಸುತ್ತು ಓಡಾಟಕ್ಕೆ ಕೊಟ್ಟರೂ ಅವಳೇ ಮುಂದೆ. ಮೇಲಾಗಿ ಲೇಜೆಲ್‌ಳ ಕುಲವಾದ ಗಿಥ್‌ಯಾಂಕಿಗಳಿಗೆ ಆ ಲೆವೆಲ್‌ನಲ್ಲಿ ಮಿಸ್ಟಿ ಸ್ಟೆಪ್ ತಾನಾಗಿಯೇ ಬರುತ್ತದೆ, ಓಡಾಟದ ತಾಪತ್ರಯವೂ ಅರ್ಧ ಕಡಿಮೆ. ಆಗ ಲೇಜೆಲ್‌ಳನ್ನು ವಾಪಸ್ ಕರೆಯಿರಿ.

ಆದರೆ ಆ 87 ಬ್ಲೆಸ್ ನಂಬಿಕೊಂಡ ಅಂಕಿ. ಅದೇ ಲೆವೆಲ್‌ನಲ್ಲಿ ಶ್ಯಾಡೋಹಾರ್ಟ್‌ಗೆ ಸ್ಪಿರಿಟ್ ಗಾರ್ಡಿಯನ್ಸ್ ಸಿಗುತ್ತದೆ: ಸುತ್ತ 3 ಮೀಟರ್, 3ಡಿ8, ಸೇವ್ ಮಾಡಿದವರಿಗೂ ಅರ್ಧ, ಅದಕ್ಕೂ ಕಾನ್ಸಂಟ್ರೇಶನ್. ಒಬ್ಬಳ ಕಾನ್ಸಂಟ್ರೇಶನ್ ಮನೆಗೆ ಎರಡು ಸ್ಪೆಲ್ ಹಿಡಿಸುವುದಿಲ್ಲ. ಎದುರು ಗುಂಪಿದ್ದರೆ ಗಾರ್ಡಿಯನ್ಸ್ ಹಾಕಿ ಲೇಜೆಲ್‌ಳ ಆಲ್ ಇನ್ ಆಫ್ ಮಾಡಿ. ಒಬ್ಬನೇ ದೊಡ್ಡವನಿದ್ದರೆ ಬ್ಲೆಸ್ ಹಾಕಿ ಆನ್ ಮಾಡಿ. ಅಥವಾ ಬ್ಲೆಸ್ ಹೊಣೆ ಪಲಾಡಿನ್‌ಗೆ ವಹಿಸಿ. ಅವನ ಸ್ಪೆಲ್ ಪಟ್ಟಿಯಲ್ಲೂ ಅದಿದೆ, ಲೆವೆಲ್ 5ಕ್ಕೆ ಅವನ ಸ್ಲಾಟ್‌ಗಳೂ ಹೆಚ್ಚಾಗಿರುತ್ತವೆ.